ನೋಟ್‌ಬುಕ್ಕಿನ ಹೂಜಿ

ಪ್ರಶ್ನೆ: ನಾನು ಬೀದರಿನಲ್ಲಿ ಹತ್ತನೆಯ ತರಗತಿ ಓದುತ್ತಿದ್ದೇನೆ. ಸೋದರಮಾವನ ಬಳಿಯಿದ್ದ ಹಳೆಯ ಆರ್ಚಿ ಕಾಮಿಕ್ಸ್ ಓದಿ, ಎಂಟನೆಯ ತರಗತಿಯಿಂದಲೂ ನಮ್ಮ ಶಾಲೆಯ ತಮಾಷೆಗಳನ್ನು ಚಿತ್ರಕಥೆಯಾಗಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನನ್ನು ಕಪ್ಪು ಮೈಯ, ಉದ್ದ ಕುತ್ತಿಗೆಯ ಬಿದ್ರಿ ಹೂಜಿಯಾಗಿ ಬರೆದಿದ್ದೆ. ಈಗ ತರಗತಿಯೆಲ್ಲ ನನ್ನನ್ನು ಹೂಜಿ ಎಂದೇ ಕರೆಯುತ್ತದೆ. ಕನ್ನಡಿಯಲ್ಲಿ ನನಗೂ ಅದೇ ಕಾಣುತ್ತದೆ. ಗೋಡೆ ಪತ್ರಿಕೆಗೆ ಆ ಚಿತ್ರಗಳನ್ನು ಟೀಚರ್ ಕೇಳಿದ್ದಾರೆ. ಕೊಡಲೇ, ಬರೆಯುವುದನ್ನೇ ಬಿಡಲೇ?

ಉತ್ತರ: ತಂಗಿ, ಬಿದ್ರಿಗೆ ಕಪ್ಪೇ ಅಂದ ಎಂಬ ಸಮಾಧಾನವನ್ನು ನಾನು ಹೇಳುವುದಿಲ್ಲ; ಮನೆಗೆ ಬಂದ ಬಂಧುಗಳು ಅದನ್ನು ಈಗಾಗಲೇ ಹೇಳಿ ನಿನಗೆ ಸಿಟ್ಟು ತರಿಸಿರುತ್ತಾರೆ. ಮಂದಿ ನಗುವ ಮೊದಲು ತಾನೇ ನಕ್ಕುಬಿಟ್ಟರೆ ನೋವಾಗದು ಎಂಬ ಲೆಕ್ಕದಿಂದ ನೀನು ಆ ಹೂಜಿಯನ್ನು ಬರೆದಿರಬೇಕು. ನನ್ನ ಹಲ್ಲಿನ ವಿಷಯದಲ್ಲಿ ನಾನೂ ಒಂದು ಕಾಲದಲ್ಲಿ ಇದೇ ಲೆಕ್ಕ ಹಾಕಿದ್ದೆ, ಅದು ತಪ್ಪಿತು.

ಸೋದರಮಾವನ ಆ ಪುಸ್ತಕಗಳನ್ನೇ ಮತ್ತೊಮ್ಮೆ ತೆರೆದು, ಅದರ ಇಬ್ಬರು ನಾಯಕಿಯರಾದ ಬೆಟ್ಟಿ ಮತ್ತು ವೆರೋನಿಕಾರ ಕೂದಲನ್ನು ಬೆರಳಿನಿಂದ ಮುಚ್ಚಿ ನೋಡು: ಹೆಚ್ಚುಕಡಿಮೆ ಎರಡೂ ಒಂದೇ ಮುಖ. 1941ರಲ್ಲಿ ಮೊದಲು ಅಚ್ಚಾದಾಗ ಆರ್ಚಿಗೆ ಉಬ್ಬುಹಲ್ಲಿತ್ತು. ಬರಬರುತ್ತ ಚಿತ್ರಕಾರರು ಅದನ್ನು ತಿದ್ದಿಬಿಟ್ಟರು, ಆದರೆ ಹುಡುಗ ಮಾತ್ರ ಎಂಬತ್ತು ವರ್ಷ ಕಳೆದರೂ ಬಹುಪಾಲು ಕಥೆಗಳಲ್ಲಿ ಹೈಸ್ಕೂಲಿನಲ್ಲೇ ಉಳಿದಿದ್ದಾನೆ. ಸಂಚಿಕೆಯ ಮೇಲೆ ಸಂಚಿಕೆ ತುಂಬಿಸಬೇಕಾದವರಿಗೆ ಅಚ್ಚು ಬದಲಾಗದಿರುವುದೇ ಅನುಕೂಲ. ಹದಿಹರೆಯದ ಮೈ ಹಾಗಲ್ಲ: ಕೈಕಾಲುಗಳು ಮೊದಲು ಉದ್ದವಾಗಿ, ಮುಂಡ ಆಮೇಲೆ ಅವಕ್ಕೆ ಸರಿದೂಗುತ್ತದೆ, ಹುಡುಗರಿಗೆ ಈ ಬೆಳವಣಿಗೆ ಸುಮಾರು ಎರಡು ವರ್ಷ ತಡವಾಗಿ ಬರುವುದರಿಂದ, ಎಂಟನೆಯ ತರಗತಿಯ ಸಾಲಿನಲ್ಲಿ ನೀನು ಕೊಕ್ಕರೆಯಂತೆ ಎದ್ದು ಕಂಡಿದ್ದರೆ ಆಶ್ಚರ್ಯವಿಲ್ಲ. ಅಂದಿನ ಆ ಅಳತೆಯನ್ನು ಇಂದಿನ ಕನ್ನಡಿಯಲ್ಲಿ ಹುಡುಕುತ್ತಿದ್ದೀಯೆ.

ಆದ್ದರಿಂದ ಬರೆಯುವುದನ್ನು ಬಿಡಬೇಡ. ಗೋಡೆ ಪತ್ರಿಕೆಗೆ ಕೊಡು, ಹೂಜಿಯ ಪುಟಗಳನ್ನು ಮಾತ್ರ ಕೊಡಬೇಡ, ಮತ್ತು ಕಾರಣವನ್ನು ಟೀಚರ್ ಹತ್ತಿರ ಮುಚ್ಚಿಡಬೇಡ. ಹೊಸ ಕಥೆಯಲ್ಲಿ ನಿನ್ನನ್ನು ಸುಂದರಿಯಾಗಿಯೂ ಬರೆಯಬೇಡ, ಅದು ಮತ್ತೆ ಬೆಟ್ಟಿಯ ಅಚ್ಚೇ ಆದೀತು. ಕನ್ನಡಿ ಎದುರಿಟ್ಟುಕೊಂಡು ಕಂಡಷ್ಟನ್ನು ಬರೆ. ನಗುವಿಗೆ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದ ಗಣಿತದ ಪಿರಿಯಡ್ಡಿದೆ, ಒಂದೇ ರೊಟ್ಟಿ ಡಬ್ಬಿಗೆ ಚಾಚುವ ಆರು ಕೈಗಳಿವೆ.

ಬಿಳಿ ಮಾಡುತ್ತವೆಂದು ಮಾರುವ ಕ್ರೀಮುಗಳ ಗೊಡವೆ ಬೇಡ. ಅವುಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಬೆರೆತಿದ್ದು, ಚರ್ಮ ತೆಳುವಾಗಿ ಮೊಡವೆ ಹೆಚ್ಚುತ್ತದೆ. ಊಟ, ನಿದ್ದೆ ಕೆಡುವಷ್ಟು ಈ ಚಿಂತೆ ಬೆಳೆದಿದ್ದರೆ ಅವ್ವನಿಗೆ ತಿಳಿಸಿ, 10ರಿಂದ 19 ವರ್ಷದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್‌ಗೆ ಹೋಗಿ ಆಪ್ತಸಮಾಲೋಚಕರನ್ನು ಕಾಣು.

ಇನ್ನು ಹೂಜಿ ಎಂದು ಕೂಗುವವರಿಗೆ ಓಗೊಡಬೇಡ. ಆ ಪಾತ್ರವನ್ನು ನಿಲ್ಲಿಸಿದ್ದೇನೆ ಎಂದಷ್ಟೇ ಹೇಳು. ಬರೆದವಳು ನೀನಾದ್ದರಿಂದ ಆ ಅಧಿಕಾರ ನಿನ್ನದೇ.