ಜೋಡಿ ಎತ್ತು ಮತ್ತು ಹಡಗಿನ ಲೆಕ್ಕ

ಪ್ರಶ್ನೆ: ಹಡಗು ಓಡಾಡಿದ ಅಂಕಿಅಂಶ ಕೊಟ್ಟರೆ ಅದು ಹೇಗೆ ತಿರುಗುತ್ತದೆ ಅಂತ ಕಂಪ್ಯೂಟರ್ ತಾನೇ ಕಲಿಯುತ್ತದೆ. ಹೀಗಿರುವಾಗ ನೀರಿನ ಸಮೀಕರಣಗಳನ್ನು ನಾವೇಕೆ ಉರು ಹೊಡೆಯಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಸಮುದ್ರದಿಂದ ಇಷ್ಟು ದೂರ ಕೂತು ಹಡಗಿನ ಬಗ್ಗೆ ಯೋಚಿಸಿದ್ದೀರಿ, ಅದೇ ಖುಷಿ. ಉರು ಹೊಡೆಯುವುದು ಬೇಡ, ಒಪ್ಪಿದೆ. ಕಂಪ್ಯೂಟರ್ ಕಲಿಯುವುದೂ ನಿಜ. ಆದರೆ ನೀರನ್ನು ಬಿಟ್ಟು ಬರೀ ಅಂಕಿ ಹಿಡಿದರೆ ಸಾಕು ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

1957ರಲ್ಲಿ ಜಪಾನಿನ ಹಡಗು ವಿಜ್ಞಾನಿ ನೊಮೊಟೊ ಹಡಗಿನ ತಿರುವನ್ನು ಎರಡೇ ಅಂಕಿಗಳಲ್ಲಿ ಹಿಡಿದರು. ಚುಕ್ಕಾಣಿ ತಿರುಗಿಸಿದರೆ ಹಡಗು ಎಷ್ಟು ಜೋರಾಗಿ ತಿರುಗುತ್ತದೆ ಎಂಬುದು ಒಂದು. ಮಾತು ಕೇಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಇವನ್ನು ಜಿಗ್‌ಜಾಗ್ ಪರೀಕ್ಷೆಯಿಂದ ತೆಗೆಯಬಹುದು. ಚುಕ್ಕಾಣಿ ಬಲಕ್ಕೆ 10 ಡಿಗ್ರಿ. ಹಡಗಿನ ಮೂತಿಯೂ 10 ಡಿಗ್ರಿ ಹೊರಳಿದ ಕೂಡಲೇ ಎಡಕ್ಕೆ 10. ಹಡಗು ತಕ್ಷಣ ಕೇಳುವುದಿಲ್ಲ, ಇನ್ನಷ್ಟು ಬಲಕ್ಕೇ ಹೋಗಿ ಆಮೇಲೆ ವಾಪಸ್ ಹೊರಳುತ್ತದೆ. ಇದೂ ಅಂಕಿಯೇ ಅಲ್ವಾ? ಆದರೆ ಏನು ಕೇಳಬೇಕು ಅಂತ ಗೊತ್ತಿದ್ದವರು ತೆಗೆದ ಅಂಕಿ.

ತಿರುಗುವಾಗ ಹಡಗು ಸುಮ್ನೆ ಮೂತಿ ಹೊರಳಿಸುವುದಿಲ್ಲ, ಪಕ್ಕಕ್ಕೂ ಜಾರುತ್ತದೆ. ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ, ನೊಗಕ್ಕೆ ಕಟ್ಟಿದ ಜೋಡಿ ಎತ್ತಿನ ಹಾಗೆ. ಬಂಡಿ ಓಡಿದ್ದನ್ನಷ್ಟೇ ಬರೆದಿಟ್ಟರೆ ಯಾವ ಎತ್ತು ಎಷ್ಟು ಎಳೆಯಿತು ಅಂತ ಹೇಗೆ ಹೇಳುತ್ತೀರಿ? ಕಂಪ್ಯೂಟರ್ ಏನೋ ಒಂದು ಪಾಲು ಹಂಚುತ್ತದೆ. ಆ ಹಾದಿಗೆ ಅದು ಸರಿಹೋಗುತ್ತದೆ ಕೂಡ. ಹಾದಿ ಬದಲಾದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ತೊಟ್ಟಿಯಲ್ಲಿ ಮಾದರಿ ಹಡಗನ್ನು ಯಂತ್ರಕ್ಕೆ ಕಟ್ಟಿ, ಒಮ್ಮೆ ಬರೀ ಜಾರಿಸಿ, ಒಮ್ಮೆ ಬರೀ ಹೊರಳಿಸಿ ಬಲ ಅಳೆಯುತ್ತಾರೆ.

ಒಮ್ಮೆ ಆಲಮಟ್ಟಿ ಹಿನ್ನೀರಿನಲ್ಲಿ ದೋಣಿ ಹತ್ತಿದ್ದೆ. ದಡ ಹತ್ತಿರವಾದಂತೆ ಅಂಬಿಗ ಹುಟ್ಟನ್ನು ನೆಟ್ಟಗೆ ಇಳಿಸಿ ಆಳ ನೋಡಿದ. "ಇಲ್ಲಿ ನೀರ ಕಡಿಮಿ ಐತ್ರಿ ಸಾಹೇಬ್ರ, ದೋಣಿ ಮಾತ ಕೇಳಂಗಿಲ್ಲ" ಅಂದವನೇ ಮೊದಲೇ ತಿರುಗಿಸತೊಡಗಿದ. 1977ರಲ್ಲಿ ಎಸ್ಸೊ ಒಸಾಕಾ ಎಂಬ ಭಾರೀ ತೈಲ ಹಡಗನ್ನು ಮೆಕ್ಸಿಕೊ ಕೊಲ್ಲಿಯಲ್ಲಿ ಬೇರೆ ಬೇರೆ ಆಳದಲ್ಲಿ ತಿರುಗಿಸಿ ನೋಡಿದವರಿಗೂ ಇದೇ ಕಂಡಿತು. ಹಡಗಿನ ತಳ ನೀರೊಳಗೆ ಎಷ್ಟು ಇಳಿದಿರುತ್ತದೋ ಅದರ 1.2 ಪಟ್ಟು ಆಳ ಮಾತ್ರ ನೀರಿದ್ದಾಗ, ಆಳ ನೀರಿಗಿಂತ ತಿರುವು ಬಹಳ ಅಗಲವಾಯಿತು. ಆಳ ನೀರಿನ ಅಂಕಿಯನ್ನಷ್ಟೇ ಕಂಡ ಕಂಪ್ಯೂಟರ್‌ಗೆ ಇದು ತಿಳಿಯುವುದಾದರೂ ಹೇಗೆ?

ಸಿಟ್ಟು ನಿಮ್ಮ ಮೇಲಲ್ಲ. ಹೋದ ವರ್ಷ ನಮ್ಮ ಕಡೆಯ ಒಂದು ಕಾಲೇಜಿಗೆ ಹೋಗಿದ್ದೆ. ನೀರಿನ ಪ್ರಯೋಗಾಲಯಕ್ಕೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಣಗಿದ ತೊಟ್ಟಿ, ಅದರೊಳಗೆ ಮುರಿದ ಬೆಂಚು. ಪಕ್ಕದ ಕೋಣೆಯಲ್ಲಿ ಮಕ್ಕಳು ಎಲ್ಲಿಂದಲೋ ಇಳಿಸಿಕೊಂಡ ಅಂಕಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದರು. ಯಾವ ಹಡಗು, ಎಷ್ಟು ಆಳ ಅಂತ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಹರಿಯುವ ಜಿಲ್ಲೆ ಇದು. ಹಳೇ ಬಾಗಲಕೋಟೆಯ ದೊಡ್ಡ ಭಾಗವನ್ನೇ ಆಲಮಟ್ಟಿ ಹಿನ್ನೀರಿಗೆ ಬಿಟ್ಟುಕೊಟ್ಟ ಜನ ನಾವು. ನಮ್ಮ ಮಕ್ಕಳಿಗೇ ನೀರು ಮುಟ್ಟಿ ಕಲಿಯುವ ಜಾಗ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನೀವು ಒಂದು ಕೆಲಸ ಮಾಡಿ. ಎಸ್ಸೊ ಒಸಾಕಾದ ಆಳ ನೀರಿನ ಅಂಕಿಯನ್ನಷ್ಟೇ ನಿಮ್ಮ ಕಂಪ್ಯೂಟರ್‌ಗೆ ಕಲಿಸಿ, ಕಡಿಮೆ ನೀರಿನ ತಿರುವನ್ನು ಹೇಳಲು ಬಿಡಿ. ಬಂದ ವೃತ್ತವನ್ನೂ ನಿಜವಾದ ವೃತ್ತವನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.