ಕಡಪ ಕಟ್ಟೆಯ ಮೇಲೆ ಗ್ರಾನೈಟ್ ಟೈಲ್ಸ್: ನಾವೇ ಹಾಕಬಹುದಾ?

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ 25 ವರ್ಷದ ಹಳೆ ಮನೆ. ಅಡುಗೆಮನೆ ಕಟ್ಟೆಗೆ ಕಡಪ ಕಲ್ಲು ಹಾಸಿದೆ, 9 ಅಡಿ ಉದ್ದ, 2 ಅಡಿ ಅಗಲ. ಹೊಳಪೆಲ್ಲ ಹೋಗಿ ಬಿಳಿ ಬಿಳಿ ಕಲೆ ಬಿದ್ದಿದೆ. ಅದನ್ನು ಒಡೆಯದೆ ಮೇಲೆಯೇ 1 ಅಡಿಯ ಗ್ರಾನೈಟ್ ಟೈಲ್ಸ್ ಹಾಕಬೇಕು ಅಂತ ಇದ್ದೇನೆ. ಸಿಮೆಂಟ್ ಹಾಕಿ ಕೂರಿಸಿ, ಸಂದಿಗೆ ವೈಟ್ ಸಿಮೆಂಟ್ ತುಂಬಿದರೆ ಸಾಕು ಅಂತ ಮೇಸ್ತ್ರಿ ಹೇಳುತ್ತಾರೆ. ನಮ್ಮ ಮನೆಯವರಿಗೆ ಬಿಳಿ ಮಾರ್ಬಲ್ ಇಷ್ಟ. ರಜೆಯಲ್ಲಿ ನಾನೇ ಈ ಕೆಲಸ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಶನಿವಾರ, ಭಾನುವಾರಕ್ಕೆ ಮುಗಿಯುವುದಿಲ್ಲ, ನಾಲ್ಕೈದು ದಿನ ಇಟ್ಟುಕೊಳ್ಳಿ. ಮೇಸ್ತ್ರಿ ಹೇಳಿದ ಎರಡು ಮಾತೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮಾರ್ಬಲ್ ವಿಷಯ. ಅದು ಸುಣ್ಣದ ಕಲ್ಲು. ನಿಂಬೆಹಣ್ಣು, ಹುಣಸೆಹುಳಿ, ಟೊಮೇಟೊ, ಯಾವ ಹುಳಿ ಬಿದ್ದರೂ ಅದರ ಮೈ ಕರಗಿ ಮಂಕಾಗುತ್ತದೆ. ಸೀಲರ್ (ಕಲ್ಲಿನ ಸಣ್ಣ ರಂಧ್ರ ಮುಚ್ಚುವ ದ್ರವ) ಹಚ್ಚಿದರೆ ಎಣ್ಣೆ, ಅರಿಶಿನ ಬೇಗ ಇಳಿಯುವುದಿಲ್ಲ ಅಷ್ಟೇ, ಹುಳಿಯನ್ನು ಅದು ತಡೆಯುವುದಿಲ್ಲ. ಕಡಪ, ಶಹಾಬಾದ್ ಕೂಡ ಸುಣ್ಣದ ಕಲ್ಲುಗಳೇ, ನಿಮ್ಮ ಕಟ್ಟೆಯ ಬಿಳಿ ಕಲೆಗಳಲ್ಲಿ ಜಾಸ್ತಿ ಪಾಲು ಇಷ್ಟು ವರ್ಷದ ಸಾರು, ಹುಳಿಯದ್ದೇ ಇರಬೇಕು. ದಿನಾ ಹುಣಸೆಹಣ್ಣು ಕಿವುಚುವ ಮನೆಗೆ ಮಾರ್ಬಲ್ ಬೇಡ ಅಂತ ಮನೆಯವರಿಗೆ ಹೇಳಿ. ಇಳಕಲ್ ಕೆಂಪು, ಚಾಮರಾಜನಗರದ ಕಪ್ಪು, ಇವೆಲ್ಲ ನಮ್ಮಲ್ಲೇ ಸಿಗುವ ಒಳ್ಳೆ ಗಟ್ಟಿ ಗ್ರಾನೈಟ್ ಕಲ್ಲುಗಳು. ಅಂಗಡಿಗೆ ಹೋಗುವಾಗ ಅರ್ಧ ನಿಂಬೆಹಣ್ಣು ಜೇಬಿನಲ್ಲಿರಲಿ. ಒಂದು ತುಂಡಿನ ಮೇಲೆ ರಸ ಹಿಂಡಿ, ಹತ್ತು ನಿಮಿಷ ಬಿಟ್ಟು ಒರೆಸಿ. ಮಂಕು ಗುರುತು ಉಳಿದರೆ ಆ ಕಲ್ಲು ಬೇಡ. ಕಪ್ಪು ಕಲ್ಲಿಗೆ ಕೆಲವು ಸಲ ಬಣ್ಣ ಹಾಕಿರುತ್ತಾರೆ, ನೇಲ್ ಪಾಲಿಶ್ ಅಳಿಸುವ ದ್ರವವನ್ನು ಬಿಳಿ ಬಟ್ಟೆಗೆ ಹಾಕಿ ಉಜ್ಜಿದರೆ ಗೊತ್ತಾಗುತ್ತದೆ.

ಇನ್ನು ಸಂದು. ಟೈಲ್ಸ್ ಹಾಕಿದ ಕಟ್ಟೆ ಮೊದಲು ಕೆಡುವುದೇ ಅಲ್ಲಿ. ಲೆಕ್ಕ ಹಾಕಿ ನೋಡಿ: 18 ಟೈಲ್ಸ್, ಅಡ್ಡಕ್ಕೆ 8 ಸಂದು, ಒಂದೊಂದೂ 2 ಅಡಿ, ಜೊತೆಗೆ ಉದ್ದಕ್ಕೆ 9 ಅಡಿಯ ಒಂದು ಸಂದು. ಒಟ್ಟು 25 ಅಡಿ ಆಯಿತು. ಅಷ್ಟುದ್ದಕ್ಕೂ ಎಣ್ಣೆ, ಹಿಟ್ಟು, ಅನ್ನದ ಗಂಜಿ ಕೂರಲು ಜಾಗ. ನಾನಾಗಿದ್ದರೆ ಮೊದಲು ಗ್ರಾನೈಟ್ ಯಾರ್ಡ್‌ಗೆ ಹೋಗಿ, ದೊಡ್ಡ ಸ್ಲ್ಯಾಬ್ ಕತ್ತರಿಸಿ ಉಳಿದ ತುಂಡುಗಳನ್ನು ಕೇಳುತ್ತಿದ್ದೆ. 3 ಅಡಿ ಉದ್ದ, 2 ಅಡಿ ಅಗಲದ ಮೂರು ತುಂಡು ಒಂದೇ ಬಣ್ಣದಲ್ಲಿ ಸಿಕ್ಕರೆ ಎರಡೇ ಸಂದು, 4 ಅಡಿಗೆ ಮುಗಿಯಿತು. ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿ ಇಂಥ ಯಾರ್ಡ್‌ಗಳು ಬೇಕಾದಷ್ಟಿವೆ. 18 ಮಿಮೀ ದಪ್ಪದ ಅಂಥ ಒಂದು ತುಂಡು ಸುಮಾರು 27 ಕೆಜಿ ತೂಗುತ್ತದೆ, ಎತ್ತಲು ಇಬ್ಬರು ಬೇಕು.

ಇಲ್ಲ, ಟೈಲ್ಸೇ ಸರಿ ಅನ್ನುವುದಾದರೆ ಮೊದಲು ಕೆಳಗಿನ ಕಲ್ಲನ್ನು ನೋಡಿ. ನಾಣ್ಯದಿಂದ ಇಡೀ ಕಡಪವನ್ನು ತಟ್ಟುತ್ತಾ ಹೋಗಿ. ಎಲ್ಲಾದರೂ ಟೊಳ್ಳು ಸದ್ದು ಬಂದರೆ, ಬಿರುಕಿದ್ದರೆ, ಕೈ ಊರಿದಾಗ ಅಲ್ಲಾಡಿದರೆ ಅದನ್ನು ಸರಿ ಮಾಡದೆ ಮುಂದೆ ಹೋಗಬೇಡಿ. 10 ಮಿಮೀ ಟೈಲ್ಸೇ ಒಟ್ಟು 45 ಕೆಜಿ ಹತ್ತಿರ ಆಗುತ್ತದೆ. ಕಲ್ಲು ಗಟ್ಟಿ ಇದ್ದರೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಎರಡು ಸಲ ಉಜ್ಜಿ ಜಿಡ್ಡು ತೆಗೆಯಿರಿ. ಆಮೇಲೆ ಕಲ್ಲು ಉಜ್ಜುವ ಗ್ರೈಂಡರ್ ಮೆಷಿನ್‌ನಿಂದ ಮೈಯೆಲ್ಲ ಒರಟು ಮಾಡಿ, ಧೂಳು ತೊಳೆದು, ಒಂದು ದಿನ ಒಣಗಲು ಬಿಡಿ. ಇಪ್ಪತ್ತೈದು ವರ್ಷ ಒಗ್ಗರಣೆ ಸಿಡಿದ ಕಲ್ಲು ಅದು, ಒಂದು ಸಲ ಒರೆಸಿದರೆ ಸಾಲುವುದಿಲ್ಲ.

ಬರೀ ಸಿಮೆಂಟ್ ಇಂಥ ನುಣುಪು ಕಲ್ಲನ್ನು ಹಿಡಿಯುವುದಿಲ್ಲ. ಹಾಗೆ ಹಾಕಿದ ಟೈಲ್ಸನ್ನು ನಾನು ಕರಣೆ ತುದಿ ತೂರಿಸಿ ಬಿಸ್ಕತ್ತಿನ ಹಾಗೆ ಎಬ್ಬಿಸಿದ್ದೇನೆ, ಕೆಳಗೆ ಸಿಮೆಂಟ್ ಒಂದು ಚೂರೂ ಕಚ್ಚಿರಲಿಲ್ಲ. ನಿಮಗೆ ಬೇಕಾದದ್ದು ಟೈಲ್ಸ್ ಗಮ್. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಗಮ್‌ನ ಭಾರತೀಯ ಗುಣಮಟ್ಟದ ಸಂಖ್ಯೆ) ಅಂತ ಇರಬೇಕು. ಟೈಪ್ 3 ಕೇಳಿ, ಹಳೆ ಟೈಲ್ಸ್ ಅಥವಾ ಕಲ್ಲಿನ ಮೇಲೆ ಹಾಕಬಹುದು ಅಂತ ಬರೆದಿದೆಯಾ ನೋಡಿ. ಕಲ್ಲು ತಿಳಿ ಬಣ್ಣದ್ದಾದರೆ ಬಿಳಿ ಗಮ್ ತನ್ನಿ, ಬೂದು ಗಮ್ಮಿನ ನೆರಳು ಮೇಲೆ ಕಾಣಬಹುದು.

ಗಮ್ ಕಲಸುವ ಮುಂಚೆ ಟೈಲ್ಸನ್ನು ಹಾಗೇ ಜೋಡಿಸಿ ನೋಡಿ. ಎದುರಿನ ಅಂಚಿನಿಂದ ಶುರು ಮಾಡಿ, ಅಲ್ಲಿ ಇಡೀ ಟೈಲ್ಸ್ ಬರಲಿ, ಕತ್ತರಿಸಿದ್ದು ಗೋಡೆ ಕಡೆ ಹೋಗಲಿ. ಕಟ್ಟೆ ಅರ್ಧ ಇಂಚು ಎತ್ತರ ಆಗುತ್ತದೆ, ಅದಕ್ಕೆ ಸಿಂಕ್, ನಲ್ಲಿ, ಕಿಟಕಿ ಅಂಚು ಹೊಂದುತ್ತವಾ ಈಗಲೇ ನೋಡಿ. ಹಾಕುವಾಗ ಹಲ್ಲಿನ ಕರಣೆಯಿಂದ ಕಟ್ಟೆಗೆ ಗಮ್ ಎಳೆದು, ಟೈಲ್ಸ್ ಬೆನ್ನಿಗೂ ತೆಳ್ಳಗೆ ಸವರಿ, ಸ್ವಲ್ಪ ಆಡಿಸುತ್ತಾ ಒತ್ತಿ. ಮೊದಲನೆಯದನ್ನು ಎಬ್ಬಿಸಿ ನೋಡಿ, ನಾಲ್ಕು ಮೂಲೆಗೂ ಗಮ್ ಹತ್ತಿರಬೇಕು. ಮೂಲೆ ಟೊಳ್ಳಿದ್ದರೆ ಕುಕ್ಕರ್ ಕುಕ್ಕಿದ ದಿನ ಅಲ್ಲೇ ಸೀಳುತ್ತದೆ. ಸಂದಿಗೆ 2 ಮಿಮೀ ಸ್ಪೇಸರ್ (ಸಂದು ಸಮ ಇಡುವ ಪ್ಲಾಸ್ಟಿಕ್ ತುಂಡು) ಇಡಿ, ಎರಡು ಟೈಲ್ಸಿಗೊಮ್ಮೆ ರಸಮಟ್ಟ ಇಟ್ಟು ನೋಡಿ.

ಸಿಂಕಿನ ಕಟಿಂಗ್, ಅಂಚಿನ ಪಾಲಿಶ್ ಮಾತ್ರ ಗ್ರಾನೈಟ್ ಅಂಗಡಿಯಲ್ಲೇ ಮಾಡಿಸಿ. ಸಣ್ಣಪುಟ್ಟದ್ದನ್ನು ನೀವೇ ಕತ್ತರಿಸುವುದಾದರೆ ಮನೆ ಹೊರಗೆ, ನೀರು ಬಿಡುತ್ತಾ, ಎನ್95 ಮಾಸ್ಕ್ ಹಾಕಿಕೊಂಡು. ಕಡಪ ಉಜ್ಜುವಾಗಲೂ ಮಾಸ್ಕ್ ಬೇಕು. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಬಂದರೆ ಶ್ವಾಸಕೋಶ ಮತ್ತೆ ಮೊದಲಿನಂತೆ ಆಗುವುದಿಲ್ಲ. ಈ ಕೆಲಸದಲ್ಲಿ ಎಷ್ಟೋ ಜನ ಕರ್ಚೀಫ್ ಕಟ್ಟಿಕೊಂಡೇ ದಿನವಿಡೀ ಕತ್ತರಿಸುತ್ತಾರೆ, ದಯವಿಟ್ಟು ನೀವು ಹಾಗೆ ಮಾಡಬೇಡಿ, ಆಳು ಇಟ್ಟರೆ ಅವರಿಗೂ ಮಾಸ್ಕ್ ಕೊಡಿ. ನೀರು, ಕರೆಂಟ್ ಎರಡೂ ಒಟ್ಟಿಗೆ ಇರುತ್ತವೆ, ಲೈನಿಗೆ ಕರೆಂಟ್ ಸೋರಿದ ತಕ್ಷಣ ಆಫ್ ಆಗುವ ಇಎಲ್‌ಸಿಬಿ ಇರಲೇಬೇಕು.

ಒಂದು ದಿನ ಬಿಟ್ಟು ಸಂದು ತುಂಬಿ. ವೈಟ್ ಸಿಮೆಂಟ್ ನೀರು ಕುಡಿಯುತ್ತದೆ, ಅರಿಶಿನ ಹಿಡಿಯುತ್ತದೆ, ಆಮೇಲೆ ಹುಳಿಗೆ ಉದುರುತ್ತದೆ. ಅದರ ಬದಲು ಎಪಾಕ್ಸಿ ಗ್ರೌಟ್ (ಸಂದು ತುಂಬುವ ರಾಳದ ಪೇಸ್ಟ್) ಹಾಕಿ. ದುಡ್ಡು ಜಾಸ್ತಿ, ಆದರೆ ಬೇಕಾದರೆ ಕಲ್ಲಿನಲ್ಲಿ ಉಳಿಸಿ, ಇಲ್ಲಿ ಬೇಡ. ಬಣ್ಣ ಗಾಢ ಬೂದು ಇರಲಿ, ತಿಳಿ ಬಣ್ಣದ ಎಪಾಕ್ಸಿಗೂ ಅರಿಶಿನ ಹತ್ತುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಸಂದಿನ ಆಳಕ್ಕೆ ಒತ್ತಿ ತುಂಬಿ, ಮೇಲೆ ಉಳಿದದ್ದನ್ನು ಒದ್ದೆ ಸ್ಪಂಜಿನಿಂದ ಆಗಿಂದಾಗ್ಗೆ ಒರೆಸಿ. ಒಣಗಿದ ಎಪಾಕ್ಸಿಯನ್ನು ಕಲ್ಲಿನಿಂದ ಬಿಡಿಸುವುದು ಬಹಳ ಕಷ್ಟ. ಗೋಡೆ ಸೇರುವ ಮೂಲೆಗೆ, ಸಿಂಕಿನ ಸುತ್ತ ಗ್ರೌಟ್ ಬದಲು ಸಿಲಿಕಾನ್ ಹಾಕಿ.

ಅಷ್ಟು ದಿನ ಅಡುಗೆಗೆ ಏನು ಮಾಡುವುದು? ಒಲೆಯನ್ನು ಹೊರಗೆ ತರುವುದಾದರೆ ಗಟ್ಟಿ ಮೇಜಿನ ಮೇಲೆ ಇಡಿ, ನೆಲದ ಮೇಲೆ ಬೇಡ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿರಬೇಕು.