ಎತ್ತರಿಸಿದ ಜೀಪು: ಹತ್ತಿಸುವುದಕ್ಕಿಂತ ಮೊದಲು ಇಳಿಸಿ ನೋಡಿ

ಸರ್, ನಿಮ್ಮ ಮಹೀಂದ್ರಾ ಎಂಎಂ 540 ಜೀಪಿನ ಫೋಟೋ ನೋಡಿದೆ. ಗಾಡಿ ಎತ್ತರಿಸಲು ಶಾಕಲ್ (ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಉದ್ದ ಮಾಡಿಸಿ, ಕಮಾನಿಗೆ, ಅಂದರೆ ಪಟ್ಟಿ ಸ್ಪ್ರಿಂಗಿಗೆ, ಒಂದು ಪ್ಲೇಟ್ ಸೇರಿಸಿ, 31 ಇಂಚಿನ ಟೈರ್ ಹಾಕಿದ್ದೀರಿ. ಮನೆಯ ಶೆಡ್‌ನಲ್ಲೇ ಇಷ್ಟು ಚೊಕ್ಕವಾಗಿ ಮಾಡಿದ್ದು ಕಂಡು ಖುಷಿಯಾಯಿತು. ಈ ಭಾನುವಾರವೇ ಸಕಲೇಶಪುರದ ಕಡೆ ಎಸ್ಟೇಟ್ ದಾರಿಗೆ ಇಳಿಸಬಹುದಾ ಅಂತ ಕೇಳಿದ್ದೀರಿ. ಈ ಭಾನುವಾರ ಬೇಡ. ಮೊದಲು ಮನೆ ಹತ್ತಿರವೇ ನೋಡಿಕೊಳ್ಳಬೇಕಾದ್ದು ಇದೆ.

ತೋಟದ ಬದುವಿನ ಮೇಲೆ ಎಡಗಡೆ ಮುಂದಿನ ಚಕ್ರ ಹತ್ತಿಸಿ. ಬಲಗಡೆ ಹಿಂದಿನ ಚಕ್ರದ ಕೆಳಗೂ ಏನಾದರೂ ಗಟ್ಟಿಯಾದ್ದು ಬರಲಿ. ಆಗ ಉಳಿದೆರಡು ಚಕ್ರ ಪೂರ್ತಿ ಕೆಳಕ್ಕೆ ಇಳಿಯುತ್ತವೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿ ಕೆಳಗೆ ನುಗ್ಗದೆ ಪಕ್ಕದಿಂದಲೇ ಟಾರ್ಚ್ ಹಾಕಿ ನೋಡಿ. ಬ್ರೇಕಿನ ರಬ್ಬರ್ ಪೈಪು ಬಿಗಿದುಕೊಂಡಿದ್ದರೆ ಅದು ಗಿಡ್ಡವಾಯಿತು ಅಂತ ಅರ್ಥ. ಉದ್ದದ್ದು ಹಾಕಿಸದೆ ಗೇಟ್ ದಾಟಬೇಡಿ. ಎಂಜಿನ್ ಬಲವನ್ನು ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಸ್ಲಿಪ್ ಜಾಯಿಂಟ್ (ಒಳಗೆ ಹೊರಗೆ ಜಾರುವ ಜೋಡಣೆ) ಎಷ್ಟು ಹೊರಗೆ ಬಂದಿದೆ ಅಂತಲೂ ನೋಡಿ, ತೀರಾ ಹೊರಗೆ ಬಂದರೆ ಕಳಚಿಕೊಳ್ಳಬಹುದು.

ಟೈರಿನ ಒಳಬದಿಗೆ ಸುಣ್ಣ ಬಳಿದು, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಅಂಗಳದಲ್ಲಿ ಓಡಾಡಿಸಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ. ಸುಮ್ನೆ ಕಣ್ಣಳತೆಯಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳ ನಟ್ಟು ಬಿಗಿಯಾದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಒಂದು ಪೇಂಟ್ ಗೆರೆ ಎಳೆಯಿರಿ. ಕಚ್ಚಾ ರಸ್ತೆಯಲ್ಲಿ 50 ಕಿಲೋಮೀಟರ್ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಹೊಸ ಪ್ಲೇಟ್ ಕೂರುವಾಗಲೂ ಸಡಿಲ ಆಗುವುದರಿಂದ, ಗೆರೆ ಸರಿ ಇದ್ದರೂ ಒಂದು ಸಲ ಸ್ಪ್ಯಾನರ್ ಹಾಕಿ. ಇದೇ ಓಟದಲ್ಲಿ ನಿಂತಾಗೆಲ್ಲ ನಾಲ್ಕೂ ಚಕ್ರಗಳ ಹಬ್ (ನಡುಭಾಗ) ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಅಥವಾ ಬ್ರೇಕ್ ಹಿಡಿಯುತ್ತಿದೆ. ಟಾರ್ ರಸ್ತೆಗೆ ಬಂದಾಗ ಫೋರ್ ವೀಲ್ ಬಿಡಿಸಿರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷಯ. ಎಲ್ಲರೂ ಗಾಡಿ ಎಲ್ಲಿಗೆ ಹತ್ತುತ್ತೆ ಅಂತ ನೋಡುತ್ತಾರೆ. ಹತ್ತದಿದ್ದರೆ ನಿಲ್ಲುತ್ತದೆ, ಹಿಂದಕ್ಕೆ ಬರಬಹುದು. ಇಳಿಯುವಾಗ ಹಿಡಿತ ತಪ್ಪಿದರೆ ನಿಲ್ಲಿಸುವುದು ಯಾರು? 29 ಇಂಚಿನ ಟೈರಿನಿಂದ 31ಕ್ಕೆ ಹೋದರೆ ಸುತ್ತಳತೆ ಸುಮಾರು ಶೇಕಡಾ 7 ಹೆಚ್ಚು. ಮೀಟರ್ 40 ತೋರಿಸಿದಾಗ ಗಾಡಿ 43ರ ಹತ್ತಿರ ಇರುತ್ತೆ. ಎಂಜಿನ್ ಎಳೆದು ಹಿಡಿಯುವ ಬಲವೂ ಕಡಿಮೆ, ಬ್ರೇಕಿನ ಹಿಡಿತವೂ ಕಡಿಮೆ. ಜೊತೆಗೆ ಗಾಡಿ ಎತ್ತರ ಆಗಿದೆ, ಪಕ್ಕಕ್ಕೆ ವಾಲುವ ಭಯ ಮೊದಲಿಗಿಂತ ಜಾಸ್ತಿ. ಆದ್ದರಿಂದ ಒಣಗಿದ, ನೇರವಾದ, ಕೆಳಗೆ ಸಮತಟ್ಟು ಜಾಗ ಇರುವ ಇಳಿಜಾರು ಹುಡುಕಿ. ಲೋ ರೇಂಜ್ (ಫೋರ್ ವೀಲ್‌ನ ನಿಧಾನದ ಗೇರ್), ಮೊದಲ ಗೇರ್ ಹಾಕಿ, ಕ್ಲಚ್ ಮುಟ್ಟಬೇಡಿ. ಬ್ರೇಕ್ ಇಲ್ಲದೆ ಎಷ್ಟು ನಿಧಾನ ಇಳಿಯುತ್ತೆ ನೋಡಿ. ಆಮೇಲೆ ಮಧ್ಯದಲ್ಲಿ ಬ್ರೇಕ್ ಒತ್ತಿ: ಒಂದೇ ಕಡೆ ಎಳೆಯುತ್ತಾ, ಪೆಡಲ್ ಕೆಳಕ್ಕೆ ಹೋಗುತ್ತಾ? ಸರಿ ಬಂದ ಮೇಲೆ ಅದೇ ಜಾಗದಲ್ಲಿ ಮಳೆ ಬಿದ್ದ ದಿನ ಮತ್ತೆ ಇಳಿಸಿ. ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಪೆಡಲ್ ಮೆಲ್ಲಗೆ ಒತ್ತಿ ಒಣಗಿಸಿಕೊಂಡೇ ಇಳಿಜಾರಿಗೆ ಹೋಗಿ.

ಮಳೆಗಾಲದ ಕೆಸರಿಗೆ ಟೈರಿಗೆ ಸುತ್ತಲು ಇಟ್ಟ ಹಳೇ ಚೈನು ಈ ಟೈರಿಗೆ ಸಾಲುವುದಿಲ್ಲ. ಉದ್ದ ಮಾಡಿಸಿ, ಹಾಕಿದ ಮೇಲೆ ಮಡ್‌ಗಾರ್ಡಿಗೂ ಬ್ರೇಕ್ ಪೈಪಿಗೂ ಬಡಿಯುತ್ತಾ ಅಂತ ಕೈಯಲ್ಲಿ ಚಕ್ರ ತಿರುಗಿಸಿ ನೋಡಿ.

ಒಬ್ಬರೇ ಹೋಗಬೇಡಿ. ಇನ್ನೊಂದು ಜೀಪು ಇರಲಿ. ಸಿಕ್ಕಿಕೊಂಡರೆ ಎಳೆಯುವ ಹಗ್ಗದ ಹುಕ್ಕು ಚಾಸಿಗೆ ಬೋಲ್ಟ್ ಆಗಿರಲಿ, ಬಂಪರಿಗೆ ಅಲ್ಲ. ಎಸ್ಟೇಟ್ ಮಾಲೀಕರ ಒಪ್ಪಿಗೆ ಬೇಕು, ಮೀಸಲು ಅರಣ್ಯದ ಒಳಗೆ ಹೋಗಲೇಬೇಡಿ. ಕಂಪನಿಯ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಒದಲ್ಲೂ ವಿಮೆಯವರಲ್ಲೂ ವಿಚಾರಿಸದೆ ರಸ್ತೆಗೆ ತರಬೇಡಿ.

ಬದುವಿನ ಮೇಲೆ ನಿಲ್ಲಿಸಿದಾಗ ಬ್ರೇಕ್ ಪೈಪಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.